ಪ್ರೀತಿಕಾ ಕೇಳಿಸಿಕೊಂಡ ಸದ್ದು

ಕಡಬದ ಪದವಿಪೂರ್ವ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಪ್ರೀತಿಕಾಳಿಗೆ ತಮ್ಮನ ಮೇಲೆ ಹೊಟ್ಟೆಕಿಚ್ಚು ಇತ್ತು. ಅದು ಜಾಗಕ್ಕೋ ಚಿನ್ನಕ್ಕೋ ಹುಟ್ಟಿದ್ದಲ್ಲ, ಒಂದು ಹಳೆಯ ಫಿಯೆಟ್ ಕಾರಿಗಾಗಿ ಹುಟ್ಟಿದ್ದು.

ಕಾರು ಅವಳ ಅಪ್ಪ, ಆಲೆಟ್ಟಿಯ ಸುಂದರ ಗೌಡರದು. ಪ್ರಾಯದಲ್ಲಿ ಅವರು ರ‍್ಯಾಲಿಗಳಲ್ಲಿ ಕಾರು ಓಡಿಸುತ್ತಿದ್ದರು. ಹೊರಗಿನಿಂದ ಅದು ಆ ಕಾಲದ ಟ್ಯಾಕ್ಸಿಗಳ ಹಾಗೆಯೇ ಕಾಣುತ್ತಿತ್ತು. ಬಾನೆಟ್ ಎತ್ತಿದರೆ ಮಾತ್ರ ವಿಷಯ ಬೇರೆ. ಎಂಜಿನಿನ ಮೇಲ್ಮುಚ್ಚಳವಾದ ಹೆಡ್ಡನ್ನು ಉಜ್ಜಿಸಿ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಏರಿಸಿದ್ದರು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಒಂದರ ಬದಲು ಎರಡು ಕೂರಿಸಿದ್ದರು. ಸಂಪಾಜೆ ಘಾಟಿಯ ತಿರುವುಗಳಲ್ಲಿ ಅಪ್ಪ ಅದನ್ನು ಓಡಿಸುವಾಗ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವಳು ಪ್ರೀತಿಕಾ. ತಮ್ಮ ಸಂಪ್ರೀತನಿಗೆ ಆಗ ಕಾರು ಹತ್ತಿದರೆ ವಾಂತಿ. ಅವನು ಮನೆಯಲ್ಲಿ ಅಮ್ಮನ ಜೊತೆ ಉಳಿಯುತ್ತಿದ್ದ.

ಅಪ್ಪ ಅವಳಿಗೆ ಎಂಜಿನನ್ನು ಕಿವಿಯಲ್ಲಿ ಓದಲು ಕಲಿಸಿದ್ದರು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ, ತಗಡಿನ ಡಬ್ಬಿಯೊಳಗೆ ಗೋಲಿಗಳು ಅಲುಗಾಡಿದ ಹಾಗೆ ಸಣ್ಣದೊಂದು ಕಿಣಿಕಿಣಿ ಕೇಳಿದರೆ ಕೂಡಲೇ ಕಾಲು ತೆಗೆಯಬೇಕು. ಅದು ಪೆಟ್ರೋಲ್ ಹೊತ್ತಿಕೊಳ್ಳಬೇಕಾದ ರೀತಿಯಲ್ಲಿ ಹೊತ್ತಿಕೊಳ್ಳದೆ ಪಿಸ್ಟನ್ನಿಗೆ ಬಡಿಯುವ ಸದ್ದು. ಪೆಟ್ರೋಲ್ ಯಾಕೆ ಹಾಗೆ ಮಾಡುತ್ತದೆ ಎಂದು ತಿಳಿಯುವ ಆಸೆಯಿಂದಲೇ ತಾನು ರಸಾಯನಶಾಸ್ತ್ರ ತೆಗೆದುಕೊಂಡದ್ದು ಎಂದು ಅವಳು ನಂಬಿದ್ದಳು.

ಅಪ್ಪನಿಗೆ ಎಪ್ಪತ್ತೈದು ತುಂಬಿದ ದಿನ ಎಲ್ಲರೂ ಆಲೆಟ್ಟಿಯಲ್ಲಿ ಸೇರಿದ್ದರು. ಪ್ರೀತಿಕಾ ಅಡುಗೆಮನೆಯಲ್ಲಿ ಪಾಯಸ ತಿರುವುತ್ತಿದ್ದಾಗ ಚಾವಡಿಯಲ್ಲಿ ಚಪ್ಪಾಳೆ ಕೇಳಿಸಿತು. ಸೌಟು ಹಿಡಿದುಕೊಂಡೇ ಹೊರಗೆ ಬಂದಾಗ ಕಾರಿನ ಕೀ ತಮ್ಮನ ಕೈಯಲ್ಲಿತ್ತು. ಅವಳ ಮುಖ ನೋಡಿ ಅಪ್ಪ, ಯಾರೂ ಕೇಳದಿದ್ದರೂ, ಕಾರಣ ಹೇಳಿದರು.

"ನಿಂಗೆ ಕೊಟ್ರೆ ಕಾರು ಕಡಬಕ್ಕೆ ಹೋಗುದಲ್ವಾ ಮಗಾ. ಅದು ಇಲ್ಲೇ ಇರ್ಲಿ."

ಅವಳು ನಕ್ಕು ತಲೆಯಾಡಿಸಿ ಒಳಗೆ ಹೋದಳು. ಪಾಯಸ ತಳ ಹಿಡಿದಿತ್ತು.

ಆಮೇಲೆ ಸಂಪ್ರೀತ್ ಕಾರಿನ ವೀಡಿಯೊಗಳನ್ನು ಸ್ಟೇಟಸ್ಸಿಗೆ ಹಾಕತೊಡಗಿದ. ಆಲೆಟ್ಟಿಗೆ ಹತ್ತಿರದ ಸುಳ್ಯದಲ್ಲಿ ಅವನಿಗೆ ಟೈಲ್ಸಿನ ಅಂಗಡಿ, ಮಾತು ಚೆನ್ನಾಗಿ ಬರುತ್ತಿತ್ತು. ಟ್ಯಾಂಕಿನ ಪಕ್ಕ ಬಾಟಲಿಗಳನ್ನು ಸಾಲಾಗಿಟ್ಟು ವಿವರಿಸುತ್ತಿದ್ದ: ಇದು ಆಕ್ಟೇನ್, ಅಂದರೆ ಪೆಟ್ರೋಲ್ ಬಡಿಯದೆ ಉರಿಯುವ ಗುಣ, ಏರಿಸಲಿಕ್ಕೆ, ಇದು ಹಿಂದಿನ ಪೆಟ್ರೋಲಿನಲ್ಲಿ ಇರುತ್ತಿದ್ದ ಸೀಸದ ಬದಲಿಗೆ, ವಾಲ್ವ್ ಕೂರುವ ಜಾಗ ಸವೆಯಬಾರದಲ್ಲ. ಕೊನೆಗೆ, ಇದೆಲ್ಲ ಅಪ್ಪ ಹೇಳಿಕೊಟ್ಟದ್ದು ಎನ್ನುತ್ತಿದ್ದ. ಆ ಮಾತು ಬಂದಾಗಲೆಲ್ಲ ಪ್ರೀತಿಕಾ ವೀಡಿಯೊವನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. ಅವನ ಸ್ಟೇಟಸ್ ಕಾಣದಂತೆ ಮ್ಯೂಟ್ ಮಾಡಿದಳು. ಎರಡು ದಿನ ತಡೆದು, ತಾನೇ ಹುಡುಕಿಕೊಂಡು ಹೋಗಿ ನೋಡಿದಳು.

ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಅಂಥದೊಂದು ವೀಡಿಯೊ ಕೇಳುವಾಗಲೇ ಅವಳಿಗೆ ಆ ಕಿಣಿಕಿಣಿ ಸಿಕ್ಕಿದ್ದು. ಮತ್ತೆ ಮತ್ತೆ ಕೇಳಿದಳು. ಅನುಮಾನವೇ ಇರಲಿಲ್ಲ.

ಕಾರಣವನ್ನೂ ಅವಳು ಊಹಿಸಿದಳು. ಈಗಿನ ಪೆಟ್ರೋಲಿನಲ್ಲಿ ಐದರಲ್ಲಿ ಒಂದು ಪಾಲು ಎಥನಾಲ್. ಅದು ತನ್ನ ಜೊತೆಗೇ ಆಮ್ಲಜನಕ ತರುತ್ತದೆ. ಹಾಗಾಗಿ ಹಳೆಯ ಕಾರ್ಬುರೇಟರಿನ ಜೆಟ್, ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು, ಕೊಡುವಷ್ಟು ಸಾಲುವುದಿಲ್ಲ. ಮಿಶ್ರಣ ತೆಳುವಾಗಿ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಜೊತೆಗೆ ಎಥನಾಲ್ ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸುತ್ತದೆ, ಅವುಗಳ ಚೂರು ಜೆಟ್ಟಿಗೆ ಸಿಕ್ಕಿದರೆ ಮುಗಿಯಿತು. ಎಷ್ಟು ಬಾಟಲಿ ಸುರಿದರೂ ಇದಕ್ಕೆ ಮದ್ದಾಗದು. ಜೆಟ್ ದೊಡ್ಡದು ಮಾಡಬೇಕು, ಪೈಪು ಬದಲಿಸಬೇಕು, ಇಲ್ಲವೇ ಎಥನಾಲ್ ಇಲ್ಲದ ನೂರು ಆಕ್ಟೇನಿನ ಪೆಟ್ರೋಲ್ ಹುಡುಕಬೇಕು.

ಇಷ್ಟನ್ನೂ ಅವಳು ಫೋನಿನಲ್ಲಿ ಬರೆದಳು. ಕಳಿಸುವ ಮೊದಲು ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವನ ವೀಡಿಯೊಗೆ ಯಾರೋ 'ಅಪ್ಪನ ಹಾಗೆ ಮಗ' ಎಂದು ಬರೆದದ್ದು ಕಣ್ಣಿಗೆ ಬಿತ್ತು. ಬರೆದದ್ದನ್ನೆಲ್ಲ ಅಳಿಸಿದಳು. ಅವತ್ತು ಸಂಜೆ ಅವಳು ಬಹಳ ಲವಲವಿಕೆಯಿಂದ ಇದ್ದಳು. ಅವನಿಗೆ ಗೊತ್ತಿಲ್ಲದ್ದು ತನ್ನ ಹತ್ತಿರ ಉಂಟು ಎಂಬ ಸಂತೋಷ.

ಡಿಸೆಂಬರಿನಲ್ಲಿ ಹಳೆಯ ಕಾರುಗಳವರು ಸೇರಿ ಪುತ್ತೂರಿನಿಂದ ಕಡಬದ ಮೂಲಕ ಬಿಸಿಲೆ ಘಾಟಿಗೆ ಹೊರಟರು. ಕಡಬದ ಪೇಟೆಯಲ್ಲಿ ಚಹಾಕ್ಕೆ ನಿಂತರು. ಪ್ರೀತಿಕಾ ನೋಡಲು ಹೋದಳು. ಸಂಪ್ರೀತ್ ಬಾನೆಟ್ ಎತ್ತಿ ನಿಂತಿದ್ದ, ಸುತ್ತ ಜನ. ಅಪ್ಪ ಪಕ್ಕದ ಸೀಟಿನಲ್ಲಿ, ಅವಳ ಸೀಟಿನಲ್ಲಿ, ಹಳೆಯ ರ‍್ಯಾಲಿ ಟೊಪ್ಪಿ ಇಟ್ಟುಕೊಂಡು ಕೂತಿದ್ದರು. ಅವರಿಗೆ ಈಗ ಎರಡೂ ಕಿವಿ ಮಂದ. ಎಂಜಿನ್ ನಡುಗುವುದು ಬೆನ್ನಿಗೆ ತಿಳಿಯುತ್ತದೆ, ಅಷ್ಟು ಸಾಕು ಎನ್ನುತ್ತಿದ್ದರು.

ಸಂಪ್ರೀತ್ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ. "ಅಕ್ಕ, ಒಂದು ನಮೂನೆ ಸದ್ದು ಬಂದ ಹಾಗೆ ಆಗ್ತದೆ. ಹೈದರಣ್ಣ ಪ್ಲಗ್ ತೆಗೆದು ನೋಡಿದ್ರು, ಕೆಂಪಗೆ ಸರಿಯಾಗಿಯೇ ಉಂಟು ಹೇಳಿದ್ರು. ನಿಂಗೆ ಎಂತಾದ್ರು ಕೇಳ್ತದಾ?"

ಹೈದರ್ ಪುತ್ತೂರಿನ ಮೆಕ್ಯಾನಿಕ್. ಆ ಕೆಂಪು ಬಂದದ್ದು ಆಕ್ಟೇನ್ ಬಾಟಲಿಯ ಔಷಧದಿಂದ, ಎಂಜಿನ್ ಮಿತಿಮೀರಿ ಕಾಯುತ್ತಿದೆ ಎಂದು ಹೇಳುವ ಪ್ಲಗ್ಗಿನ ಬಿಳಿಚು ಬಣ್ಣ ಅದರಡಿ ಅಡಗಿದೆ ಎಂದು ಅವಳಿಗೆ ಹೊಳೆಯಿತು. ತಮ್ಮ ಮೊದಲ ಸಲ ಅವಳನ್ನು ಕೇಳಿದ್ದ. ಅವಳು ಅಪ್ಪನ ಟೊಪ್ಪಿಯನ್ನೇ ನೋಡುತ್ತಿದ್ದಳು.

"ಎಂತ ಇಲ್ಲ," ಅಂದಳು.

ಕಾರುಗಳು ಹೋದ ಮೇಲೆ ಅವಳಿಗೆ ಊಟ ಸೇರಲಿಲ್ಲ. ಎರಡು ಸಲ ತಮ್ಮನಿಗೆ ಫೋನ್ ಮಾಡಿದಳು. ಘಾಟಿಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಮಧ್ಯಾಹ್ನ ಅವನೇ ಯಾರದೋ ಫೋನಿನಿಂದ ಕರೆ ಮಾಡಿದ. ಏರಿನ ಅರ್ಧದಲ್ಲಿ ಎಂಜಿನ್ ಸತ್ತಿತ್ತು, ಹಿಂದೆಲ್ಲ ನೀಲಿ ಹೊಗೆ. ಅಪ್ಪ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದಾರೆ, ಅವರಿಗೇನೂ ಆಗಿಲ್ಲ.

ಕಾರನ್ನು ಎಳೆಸಿಕೊಂಡು ಕಡಬಕ್ಕೇ ತಂದರು. ಹಾಗೆ ಅದು ಕೊನೆಗೂ ಅವಳ ಅಂಗಳಕ್ಕೆ ಬಂದಿತು. ಮರುದಿನ ಹೈದರ್ ಬಂದು ಹೆಡ್ ಬಿಚ್ಚಿದಾಗ ಮೂರನೆಯ ಪಿಸ್ಟನ್ನಿನ ತಲೆಯಲ್ಲಿ ಕಿರುಬೆರಳು ತೂರುವಷ್ಟು ತೂತು. ಕಾರ್ಬುರೇಟರಿನ ಜೆಟ್ಟಿನಲ್ಲಿ ಕಪ್ಪು ರಬ್ಬರಿನ ಚೂರು.

ಅಪ್ಪ ಪಿಸ್ಟನ್ನನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅವಳ ಕಡೆ ತಿರುಗಿದರು.

"ನಿಂಗೆ ಕೇಳಿತ್ತಲ್ವಾ?"

"ಕೇಳಿತ್ತು," ಅವರ ಕಿವಿಗೆ ಮುಟ್ಟುವಷ್ಟು ಗಟ್ಟಿಯಾಗಿ ಅವಳು ಹೇಳಿದಳು. "ಎರಡು ತಿಂಗಳಿಂದ ಗೊತ್ತಿತ್ತು. ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ. ಈ ಕಾರು ನಂಗೆ ಬೇಕಿತ್ತು ಅಪ್ಪ."

ಸಂಪ್ರೀತ್ ಸ್ಪ್ಯಾನರ್ ಕೆಳಗಿಟ್ಟು ಎದ್ದು ಹೋದ. ಅಪ್ಪ ಬಯ್ಯಲಿಲ್ಲ. ಬೇಕು ಅಂತ ಒಂದು ದಿನವೂ ನೀನು ಕೇಳಲಿಲ್ಲವಲ್ಲ ಎಂದಷ್ಟೇ ಹೇಳಿದರು. ಕೇಳದೆಯೇ ತಿಳಿಯಬೇಕಿತ್ತು ಎಂಬ ಮಾತು ಅವಳ ಬಾಯಿಯವರೆಗೆ ಬಂದು ನಿಂತಿತು.

ಸುಮಾರು ಒಂದು ತಿಂಗಳು ಅಕ್ಕ ತಮ್ಮನ ನಡುವೆ ಮಾತಿರಲಿಲ್ಲ. ಒಂದು ಭಾನುವಾರ ಸಂಪ್ರೀತ್ ಫೋನ್ ಮಾಡಿದ. ಹೊಸ ಪಿಸ್ಟನ್ ಸಿಕ್ಕಿದೆ, ಹೈದರಣ್ಣ ಹೆಡ್ಡಿನಡಿ ದಪ್ಪ ಗ್ಯಾಸ್ಕೆಟ್ ಹಾಕಿ ಕಂಪ್ರೆಷನ್ ಇಳಿಸುವ ಅನ್ನುತ್ತಿದ್ದಾರೆ, ಹಾಗೆ ಮಾಡಿದರೆ ಯಾವ ಬಂಕಿನ ಪೆಟ್ರೋಲ್ ಹಾಕಿದರೂ ನಡೆದೀತಂತೆ, ಎಂದ. ಆಮೇಲೆ, "ನೀನು ಹೇಳಿದ ಹಾಗೆ ಮಾಡುದು ಅಂತ ಮಾಡಿದ್ದೇನೆ. ಸಿಟ್ಟು ಉಂಟು. ಆದ್ರೂ ನೀನೇ ಹೇಳು," ಅಂದ.

ಇಳಿಸುವುದೇ ಸರಿ ಎಂದು ಅವಳಿಗೆ ತಟ್ಟನೆ ಅನಿಸಿತು. ನಾಳೆ ಹೇಳುತ್ತೇನೆ ಎಂದು ಫೋನ್ ಇಟ್ಟಳು. ಉತ್ತರಪತ್ರಿಕೆ ತಿದ್ದುತ್ತಾ ಕೂತಾಗ ಅಷ್ಟು ಬೇಗ ಹಾಗೆ ಯಾಕೆ ಅನಿಸಿತು ಎಂದು ಯೋಚಿಸಿದಳು. ಕಂಪ್ರೆಷನ್ ಇಳಿದರೆ ಅದು ಬರೀ ಒಂದು ಹಳೆಯ ಫಿಯೆಟ್. ತಮ್ಮನ ಕೈಯಲ್ಲಿ ಅಪ್ಪನ ಕಾರು ಉಳಿಯುವುದಿಲ್ಲ. ತನಗೆ ಬೇಕಾಗಿದ್ದದ್ದು ಅದೇ ಎಂದು ತಿಳಿದಾಗ ಅವಳ ಕೈಯ ಕೆಂಪು ಪೆನ್ನು ನಿಂತಿತು.

ಮರುದಿನ ಅವಳು ಹೇಳಿದ್ದು ಬೇರೆ. ಹೆಡ್ ಇದ್ದ ಹಾಗೆಯೇ ಇರಲಿ. ವಾಲ್ವ್ ಕೂರುವಲ್ಲಿ ಗಟ್ಟಿ ಲೋಹದ ಬಳೆ ಕೂರಿಸಬೇಕು, ಆಗ ಸೀಸದ ಬದಲಿಯ ಬಾಟಲಿ ಬೇಡ. ಆಕ್ಟೇನಿನ ಬಾಟಲಿಯೂ ಬೇಡ. ತುರ್ತಿಗೆ ಬೇರೆ ಪೆಟ್ರೋಲ್ ಹಾಕಬೇಕಾಗಿ ಬಂದೀತು, ಎಥನಾಲ್ ತಡೆಯುವ ಪೈಪು ಹಾಕಬೇಕು. ಪೆಟ್ರೋಲ್ ಮಾತ್ರ ನೂರು ಆಕ್ಟೇನಿನದೇ ಆಗಬೇಕು, ಅದು ಮಂಗಳೂರಿನಲ್ಲಿ ಸಿಗುತ್ತದೆ, ಅಲ್ಲಿಗೇ ಹೋಗಿ ಟ್ಯಾಂಕ್ ತುಂಬಿಸಿಕೊಂಡು ಬರಬೇಕು.

ಹಾಗಾಗಿ ಈಗ ತಿಂಗಳಿಗೊಮ್ಮೆ ಫಿಯೆಟ್ ಮಂಗಳೂರಿಗೆ ಹೋಗುತ್ತದೆ. ಪ್ರೀತಿಕಾ ಪುತ್ತೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಹತ್ತಿಕೊಳ್ಳುತ್ತಾಳೆ. ಹೋಗುವಾಗ ಸಂಪ್ರೀತ್ ಓಡಿಸುತ್ತಾನೆ. ಅವನು ಗೇರ್ ಬದಲಿಸುವುದು ಸ್ವಲ್ಪ ತಡ, ಅವಳು ಹಲ್ಲು ಕಚ್ಚಿಕೊಂಡು ಹೊರಗೆ ನೋಡುತ್ತಾಳೆ. ಬರುವಾಗ ಸ್ಟಿಯರಿಂಗ್ ಅವಳದು. ಏರುಗಳಲ್ಲಿ ಎಂಜಿನ್ ಒಂದೇ ಸಮನೆ ಗುರುಗುಟ್ಟುತ್ತದೆ, ಎಲ್ಲೂ ಬಡಿಯುವುದಿಲ್ಲ. "ಚೆನ್ನಾಗಿ ಓಡಿಸ್ತಿ ಮಾರಾಯ್ತಿ" ಎಂದು ತಮ್ಮ ಅನ್ನುತ್ತಾನೆ, ಮನಸ್ಸಿನಿಂದಲೇ ಅನ್ನುತ್ತಾನೆ. ಪುತ್ತೂರಿನಲ್ಲಿ ಇಳಿದು ಕೀ ಅವನ ಕೈಗೆ ಕೊಡುವಾಗ ಅವಳಿಗೆ ಹೊಟ್ಟೆಕಿಚ್ಚು ಮೊದಲಿನಷ್ಟೇ ಆಗುತ್ತದೆ. ಕೊಟ್ಟು, ಕಡಬದ ಬಸ್ಸು ಹತ್ತುತ್ತಾಳೆ.