ಕನ್‌ಜಾಯಿನ್ ಮೇಷ್ಟ್ರ ಸಂಸಾರ

ಕೋಲಾರದಲ್ಲಿ ನನ್ನನ್ನು ಕಾಂತರಾಜ್ ಎಂದು ಕರೆಯುವವರು ಕಡಿಮೆ. ಇಂಗ್ಲಿಷ್ ಟ್ಯೂಷನ್ ಹೇಳುವ ನನಗೆ ಮಕ್ಕಳಿಟ್ಟ ಹೆಸರು ಕನ್‌ಜಾಯಿನ್ ಮೇಷ್ಟ್ರು. ಸೇರಿಸು ಎನ್ನಲು ‘ಜಾಯಿನ್’ ಸಾಕು. ಆದರೆ ಸಾಕು ಅನ್ನುವುದು ನನ್ನ ಜಾತಕದಲ್ಲೇ ಇಲ್ಲ. ‘ಕನ್‌ಜಾಯಿನ್ ಎಂದರೆ ಎರಡನ್ನು ಒಂದುಗೂಡಿಸು. ಗಂಭೀರ ಬರವಣಿಗೆಯ ಪದ. ಕಾನೂನಿನಲ್ಲಿ, ವೈದ್ಯಶಾಸ್ತ್ರದಲ್ಲಿ ಬರುತ್ತದೆ. ಕುರ್ಚಿಯ ಮುರಿದ ಕಾಲಿಗೆ ಬಳಸಬೇಡಿ’ ಎಂದು ಪ್ರತಿವರ್ಷ ಗಂಟಲು ಹರಿದುಕೊಳ್ಳುತ್ತೇನೆ. ಪರೀಕ್ಷೆಯಲ್ಲಿ ಅದು ಒಮ್ಮೆಯೂ ಬಂದಿಲ್ಲ.

ಹೋದ ವಾರ ಹೆಂಡತಿ ರಜನಿ ಇದ್ದಕ್ಕಿದ್ದಂತೆ ಗೌನಿಪಲ್ಲಿಯ ತವರಿಗೆ ಹೊರಟುಹೋದಳು. ಜಗಳವಾಗಿರಲಿಲ್ಲ. ಯಾಕೆ ಹೋದಳೆಂದು ನನ್ನ ಮಂಡೆಗೆ ಹೊಳೆಯಲಿಲ್ಲ. ಮೊದಲು ಬಿಗುಮಾನದಿಂದ ಸುಮ್ಮನಿದ್ದೆ. ನಾನೇ ಮಾಡಿದ ಸಾರು ತಿಂದ ಮೇಲೆ ಬಿಗುಮಾನ ಇಳಿಯಿತು. ‘ನಾವು ಮತ್ತೆ ಕನ್‌ಜಾಯಿನ್ ಆಗೋಣ’ ಎಂದು ವಾಟ್ಸಾಪ್ ಕಳಿಸಿದೆ. ಅವಳು ಓದಿದಳು, ಉತ್ತರಿಸಲಿಲ್ಲ. ಬರದೇ ಹೋದರೆ ಏನು ಗತಿ ಎಂದು ನಿಜಕ್ಕೂ ಹೆದರಿದೆ.

ನಮ್ಮ ಕಡೆ ಮುನಿಸಿಕೊಂಡ ಹೆಂಡತಿಯನ್ನು ಕರೆತರಲು ಗಂಡ ಒಬ್ಬನೇ ಹೋಗುವುದಿಲ್ಲ. ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು ಹೋಗಿ, ಅವರು ಮಾತಾಡುವಾಗ ತಾನು ತಲೆ ತಗ್ಗಿಸಿ ಕೂರಬೇಕು. ಚಿಕ್ಕಪ್ಪ ಚನ್ನರಾಯಪ್ಪ ಅಂಗಿ ಹಾಕಿಕೊಂಡು ಸಿದ್ಧರಾಗಿದ್ದರು. ನಾನೇ ಬೇಡವೆಂದೆ. ಇಷ್ಟು ದೊಡ್ಡ ವಿಷಯ ಇಂಗ್ಲಿಷ್ ಬಾರದವರ ಬಾಯಲ್ಲಿ ಕೆಟ್ಟುಹೋದೀತು ಎಂಬ ಚಿಂತೆ ನನಗೆ. ಭಾನುವಾರ ಒಬ್ಬನೇ ಬಸ್ಸು ಹತ್ತಿದೆ.

ಮಾವ ಸುಬ್ಬರಾಯಪ್ಪ ಜಗುಲಿಯಲ್ಲೇ ಕೂತಿದ್ದರು. ‘ಬನ್ನಿ ಅಲ್ಲುಡುಗಾರು’ ಎಂದು ಅಳಿಯನನ್ನು ತೆಲುಗಿನಲ್ಲೇ ಕರೆದರು. ‘ಒಬ್ರೇ ಬಂದ್ರಾ? ದೊಡ್ಡೋರು ಯಾರೂ ಬರ್ಲಿಲ್ವಾ?’ ಎಂದರು.

‘ನಾನೇ ಮಾತಾಡ್ತೀನಿ ಮಾವ’ ಎಂದು ಊಟಕ್ಕೂ ಮುಂಚೆ ಶುರು ಹಚ್ಚಿಕೊಂಡೆ. ಮದುವೆ ಎಂದರೆ ಬರೀ ಜಾಯಿನ್ ಅಲ್ಲ, ಕನ್‌ಜಾಯಿನ್. ಲ್ಯಾಟಿನ್ನಿನಲ್ಲಿ ಅದರ ಬೇರು ಇಂಥದ್ದು, ಎಂದೆಲ್ಲ ಕೊರೆದೆ. ಅತ್ತೆ ಶಾಮಲಮ್ಮ ಮುದ್ದೆಯ ತಟ್ಟೆ ಹಿಡಿದು ನಿಂತೇ ಇದ್ದರು. ಮಾವ ‘ಊಂ, ಊಂ’ ಎನ್ನುತ್ತ ಆಕಳಿಸಿದರು.

ರಜನಿ ಬಾಗಿಲಿಗೆ ಬಂದಳು. ‘ಮುಗೀತಾ?’

‘ಇನ್ನೊಂದು ಉದಾಹರಣೆ ಇದೆ’ ಎಂದೆ.

‘ಸೋಮವಾರ ಜಾಯ್ನಿಂಗ್ ಆಗ್ತೀನಿ ರೀ ಅಂತ ಅವತ್ತು ಬಂದು ಹೇಳ್ದೆ. ನೀವೇನ್ ಮಾಡಿದ್ರಿ?’

ನೆನಪಾಯಿತು. ‘ಜಾಯ್ನಿಂಗ್ ಆಗ್ತೀನಿ’ ಅನ್ನಬಾರದು ಎಂದು ಅವಳನ್ನು ಕೂರಿಸಿಕೊಂಡು ಜಾಯಿನ್, ಅಡ್‌ಜಾಯಿನ್, ಕನ್‌ಜಾಯಿನ್ ಮೂರನ್ನೂ ವಿವರಿಸಿದ್ದೆ. ಅವಳ ಕೈಯಲ್ಲಿ ಮೈಸೂರ್‌ಪಾಕಿನ ಪೊಟ್ಟಣವಿತ್ತು. ಯಾಕೆ ತಂದಳೆಂದು ಕೇಳದೆ, ಪಾಠದ ನಡುವೆ ಅಷ್ಟನ್ನೂ ತಿಂದವನೂ ನಾನೇ.

‘ವೇಮಗಲ್ ಫ್ಯಾಕ್ಟರೀಲಿ ಕೆಲಸ ಸಿಕ್ಕಿದೆ. ನಂಗೆ ಮೊದಲ್ನೇ ಕೆಲಸ’ ಎಂದಳು. ‘ನಾಳೆ ಹೋಗ್ತಾ ಇದೀನಿ. ಕೋಲಾರದಲ್ಲಿ ಪಿಜಿ ನೋಡ್ಕೊಂಡಿದೀನಿ.’

ಮನೆ ಇರುವ ಊರಿನಲ್ಲೇ ನನ್ನ ಹೆಂಡತಿ ಪಿಜಿಯಲ್ಲಿರುವ ಮಾತಾಡುತ್ತಿದ್ದಳು. ನಾಚಿಕೆಯಿಂದ ಕುಗ್ಗಿಹೋದೆ. ಉಳಿದಿದ್ದ ಉದಾಹರಣೆಯನ್ನು ಅಲ್ಲೇ ಕೈಬಿಟ್ಟೆ.

‘ಏನ್ ಕೆಲಸ ರಜನಿ?’ ಎಂದೆ.

ಅವಳು ಅಮ್ಮನ ಕೈಯಿಂದ ಮುದ್ದೆಯ ತಟ್ಟೆ ತೆಗೆದುಕೊಂಡು ನನ್ನ ಮುಂದಿಟ್ಟಳು.

‘ಊಟ ಮಾಡಿ ಮೊದ್ಲು. ಬಸ್ಸಲ್ಲಿ ಹೇಳ್ತೀನಿ’ ಎಂದಳು. ‘ಕೋಲಾರ ಬರೋವರ್ಗೂ ನೀವು ಬಾಯಿ ಬಿಡಬಾರ್ದು.’