ಮಡಚದ ಚಕ್ರಗಳು

ನನ್ನ ಗಂಡ ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಮೊದಲು ನೋಡುತ್ತಿದ್ದದ್ದು ನನ್ನ ಕಣ್ಣನ್ನು. ಒದ್ದೆಯಾಗಿದೆಯೋ ಇಲ್ಲವೋ ಅಂತ. ಇಲ್ಲ ಅಂತ ಗೊತ್ತಾದ ಮೇಲೆ ಬಿಸಿಬೇಳೆಬಾತಿನ ಟ್ರೇಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ನನ್ನ ಬೆನ್ನು ಸವರಿ, "ಒಂದ್ಸಲ ಅತ್ಬಿಡು, ಹಗುರ ಆಗತ್ತೆ" ಅನ್ನುತ್ತಿದ್ದರು. ಅಳು ಏನು ನಲ್ಲಿ ನೀರೇ, ತಿರುಗಿಸಿದ ಕೂಡಲೇ ಬರುವುದಕ್ಕೆ? ನನಗೆ ಅಳು ಬರಲಿಲ್ಲ. ದುಃಖವೂ ಬಂದಿರಲಿಲ್ಲ ಅಂದರೆ ಯಾರೂ ನಂಬಲಿಕ್ಕಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇದ್ದೂ ಇಲ್ಲದ ಹಾಗಿರುತ್ತದಲ್ಲ, ನನಗೆ ಮೈಯೆಲ್ಲ ಹಾಗಿತ್ತು.

ಅದು ೨೦೧೪ರ ಬೇಸಿಗೆ. ನಾವಿದ್ದದ್ದು ನಾರ್ತ್ ಕೆರೊಲಿನಾದ ಏಪೆಕ್ಸ್‌ನಲ್ಲಿ. ಅವನು ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರಿನ ಬಾಗಿಲು ತೆಗೆಯುವಾಗ ಕುಸಿದು ಬಿದ್ದ. ಹಾರ್ಟ್ ಅಟ್ಯಾಕ್. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೆಲವು ದಿನ ರಜೆ ಹಾಕಿ ನಾನು ಕೆಲಸಕ್ಕೆ ಮರಳಿದೆ. ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಔಷಧಿ ಕಂಪನಿಯಲ್ಲಿ, ಮಾತ್ರೆ ನುಂಗಿದವರಿಗೆ ಏನೇನು ತೊಂದರೆಯಾಯಿತು ಎಂಬ ವರದಿಗಳನ್ನು ಓದಿ ವಿಂಗಡಿಸುವುದು ನನ್ನ ಕೆಲಸ. ತಲೆಸುತ್ತು, ವಾಕರಿಕೆ, ಸಾವು. ಮೊದಲಿಗಿಂತ ಬೇಗ ಬೇಗ ಓದಿ ಮುಗಿಸುತ್ತಿದ್ದೆ. ಮ್ಯಾನೇಜರ್ ಹೊಗಳಿದಳು. ಥ್ಯಾಂಕ್ಸ್ ಅಂದೆ.

ಮನೆಯಲ್ಲಿ ಉಳಿದವರು ಮೂವರು. ನಾನು, ಹದಿನೈದು ವರ್ಷದ ಮಗಳು, ಮತ್ತು ಬೆಂಗಳೂರಿನಿಂದ ಆರು ತಿಂಗಳಿಗೆಂದು ಬಂದಿದ್ದ ಮಾವ. ಅವರು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮಗ ಹೋದ ಮೇಲೆ ಅವರೂ ಅಳಲಿಲ್ಲ. ಬೆಳಗ್ಗೆ ಎದ್ದು ಶೇವ್ ಮಾಡಿಕೊಂಡು, ಇಸ್ತ್ರಿ ಮಾಡಿದ ಶರ್ಟ್ ಹಾಕಿ, ಡಿಶ್‌ವಾಷರಿನಿಂದ ಪಾತ್ರೆ ತೆಗೆದು ಜೋಡಿಸಿ, ಹಿತ್ತಲ ಡೆಕ್‌ನಲ್ಲಿ ಹುಲ್ಲು ನೋಡುತ್ತಾ ಕೂರುತ್ತಿದ್ದರು. ಮಗನ ಹೆಸರನ್ನು ಒಂದು ಸಲವೂ ಬಾಯಿಗೆ ತರಲಿಲ್ಲ. ನಾನೂ ತರಲಿಲ್ಲ. "ಕಾಫಿ ಮಾಡ್ಲಾ ಮಾವ?" "ಮಾಡಮ್ಮ." ನಮ್ಮ ಮಾತು ಅಷ್ಟರಲ್ಲೇ ಮುಗಿಯುತ್ತಿತ್ತು.

ಮಗಳಿಗೆ ಆಗಷ್ಟೇ ಲರ್ನರ್ಸ್ ಪರ್ಮಿಟ್ ಸಿಕ್ಕಿತ್ತು. ಪಕ್ಕದಲ್ಲಿ ಲೈಸೆನ್ಸ್ ಇರುವ ದೊಡ್ಡವರು ಕೂತಿದ್ದರೆ ಮಾತ್ರ ಓಡಿಸಬಹುದು. ಅವಳಿಗೆ ಕಲಿಸುತ್ತಿದ್ದವನು ಅವನು. ಭಾನುವಾರ ಬೆಳಗ್ಗೆ ಅಪ್ಪ ಮಗಳು ಖಾಲಿ ರಸ್ತೆ ಹುಡುಕಿಕೊಂಡು ಹೋಗಿ, ಜಗಳವಾಡಿಕೊಂಡು, ಡೋನಟ್ ತಿಂದುಕೊಂಡು ವಾಪಸ್ ಬರುತ್ತಿದ್ದರು. ಆಮೇಲೆ ಅವಳು ಕೇಳಲಿಲ್ಲ, ನಾನು ಬಾ ಅನ್ನಲಿಲ್ಲ. ಕಾರಿನ ಕೀ ಬಾಗಿಲ ಪಕ್ಕದ ಕೊಕ್ಕೆಯಲ್ಲೇ ನೇತಾಡುತ್ತಿತ್ತು.

ಒಂದು ಸಂಜೆ ಊಟದ ಟೇಬಲ್ಲಿನಲ್ಲಿ ನಾನು ಮಾವನಿಗೆ ಹುಳಿ ಬಡಿಸುತ್ತಿದ್ದೆ. ಉಪ್ಪು ಸ್ವಲ್ಪ ಕಡಿಮೆ ಅಂತ ಮಾವ ಅಂದರು. ಮಗಳು ತಟ್ಟೆ ಎತ್ತಿಕೊಂಡು ಎದ್ದು ನಿಂತಳು.

"ಯು ಗೈಸ್ ಆರ್ ಲೈಕ್ ರೋಬಾಟ್ಸ್," ಅಂದಳು. "ಈ ಮನೇಲಿ ಯಾರೂ ಅಪ್ಪನ್ನ ಮಿಸ್ ಮಾಡಲ್ಲ. ನಾನೊಬ್ಳೇ."

ಅವತ್ತಿನಿಂದ ಅವಳ ಊಟ ಮೇಲಿನ ರೂಮಿನಲ್ಲಿ. ಬಾಗಿಲು ಹಾಕಿರುತ್ತಿತ್ತು. ನಾನು ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದೆ. ಗಂಡ ಹೋದ, ಈಗ ಮಗಳೂ, ಅದೇ ಮನೆಯೊಳಗೆ ಇದ್ದುಕೊಂಡೇ, ನನ್ನ ಕೈಬಿಟ್ಟು ಹೋಗುತ್ತಿದ್ದಾಳೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹತ್ತಿ ಹೋಗಿ ಬಾಗಿಲು ತಟ್ಟಿದರೂ ಏನು ಹೇಳಬೇಕು? ನಾನೂ ಮಿಸ್ ಮಾಡುತ್ತೇನೆ ಅಂದರೆ, ಎಲ್ಲಿ ತೋರಿಸು ಅನ್ನುತ್ತಾಳೆ. ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಹಾಗಾಗಿ ಪಾತ್ರೆ ತೊಳೆಯಲು ಹೋಗುತ್ತಿದ್ದೆ.

ಸೆಪ್ಟೆಂಬರ್‌ನಲ್ಲಿ ಅವನ ಈಮೇಲ್‌ಗೆ ಒಂದು ನೆನಪೋಲೆ ಬಂತು. ಹಳೆಯ ಯುದ್ಧವಿಮಾನಗಳನ್ನು ಊರೂರಿಗೆ ಹಾರಿಸಿಕೊಂಡು ಹೋಗಿ ಜನರಿಗೆ ತೋರಿಸುವವರದು. ನಮ್ಮ ಹತ್ತಿರದ ಸಣ್ಣ ಏರ್‌ಪೋರ್ಟ್‌ಗೆ ಬರುತ್ತಿದ್ದೇವೆ, ಬಿ-೨೪ ಲಿಬರೇಟರ್ ಬಾಂಬರ್‌ನಲ್ಲಿ ನೀವು ಕಾದಿರಿಸಿದ ಎರಡು ಸೀಟು ಖಾತ್ರಿಯಾಗಿದೆ ಅಂತ ಬರೆದಿದ್ದರು. ಅವನು ಯಾವಾಗ ಕಾದಿರಿಸಿದ್ದ ಅಂತ ನನಗೆ ತಕ್ಷಣ ಹೊಳೆಯಿತು.

ಮೇ ತಿಂಗಳಲ್ಲಿ ನಾವೆಲ್ಲ ವಾಷಿಂಗ್ಟನ್‌ಗೆ ಹೋಗಿದ್ದೆವು. ಅಲ್ಲಿನ ಏರ್‌ಪೋರ್ಟಿನ ಪಕ್ಕದ ದೊಡ್ಡ ಮ್ಯೂಸಿಯಮ್ಮಿನಲ್ಲಿ ಜಪಾನಿನ ಮೇಲೆ ಬಾಂಬ್ ಹಾಕಿದ ಬಿ-೨೯ ನಿಂತಿದೆ. ಬೆಳ್ಳಿ ಪಾತ್ರೆ ಉಜ್ಜಿಟ್ಟ ಹಾಗೆ ಫಳಫಳ ಅನ್ನುತ್ತದೆ. ಅದರ ಮುಂದೆ ಎಲ್ಲರೂ ದನಿ ತಗ್ಗಿಸಿ ಮಾತಾಡುತ್ತಾರೆ. ಮಾವ ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹಾಕಿ ಬಂದು, "ದೊಡ್ಡದೇ. ಆದ್ರೆ ಇದು ನಮ್ದಲ್ಲ" ಅಂದರು.

ಕಾರ್ಖಾನೆಯಲ್ಲಿ ಅವರು ರಿಪೇರಿ ಮಾಡುತ್ತಿದ್ದದ್ದು ಅದಕ್ಕಿಂತ ಹಳೆಯ ಲಿಬರೇಟರ್. ವಾಪಸ್ ಬರುವಾಗ ದಾರಿಯುದ್ದಕ್ಕೂ ಅಪ್ಪ ಮಗನಿಗೆ ಅದೇ ಮಾತು. ನಾನು ನಿದ್ದೆ ಮಾಡುತ್ತಿದ್ದೆ ಅಂದುಕೊಂಡಿದ್ದೆ. ಈಗ ನೋಡಿದರೆ ಎಲ್ಲ ನೆನಪಿದೆ. ಡಿ ಮಾದರಿಗೆ ಮೂಗೆಲ್ಲ ಗಾಜು. ಶತ್ರು ವಿಮಾನ ನೇರ ಎದುರಿನಿಂದ ಬಂದರೆ ತಡೆಯುವುದು ಕಷ್ಟವಾಗುತ್ತಿತ್ತು. ಅದಕ್ಕೆ ಗಾಜಿನ ಜಾಗದಲ್ಲಿ ತಿರುಗುವ ಗನ್ನಿನ ಗೂಡು ಕೂರಿಸಿದರು, ಅದು ಎಚ್ ಮತ್ತು ಜೆ. ಭಾರ ಜಾಸ್ತಿಯಾಯಿತು ಅಂತ ಬಾಲದ ಗನ್ನುಗಳನ್ನು ಹಗುರ ಮಾಡಿದರು, ಅದು ಎಲ್. ಗನ್ನುಗಳನ್ನೆಲ್ಲ ಕಿತ್ತು ಸಾಮಾನು ಸಾಗಿಸಲೆಂದು ಮಾಡಿದ್ದು ಒಂದು. ಎರಡು ಬಾಲದ ಬದಲು ಎತ್ತರದ ಒಂದೇ ಬಾಲ ಇಟ್ಟು ನೌಕಾಪಡೆಗೆ ಕೊಟ್ಟದ್ದು ಇನ್ನೊಂದು.

"ಹಂಗಾದ್ರೆ ಬೆಂಗಳೂರಿಂದು ಯಾವ ಅಕ್ಷರ ಅಪ್ಪ?" ಅಂತ ಅವನು ಕೇಳಿದ.

"ನಮ್ಮೋವು ಮೂಗು ಜೆ, ಬಾಲ ಎಲ್, ಹೊಟ್ಟೆ ಇನ್ಯಾವುದ್ರದ್ದೋ. ಸಿಕ್ಕಿದ್ದು ಹಾಕಿದ್ವಿ. ಹಾರ್ತಿತ್ತು."

ಅಪ್ಪ ಅಷ್ಟು ವಿಮಾನ ರಿಪೇರಿ ಮಾಡಿದ್ದಾರೆ, ಒಂದು ಸಲವೂ ಅದರಲ್ಲಿ ಕೂತು ಹಾರಿಲ್ಲ ಅಂತ ಅವನು ಆಮೇಲೆ ನನ್ನ ಹತ್ತಿರ ಹೇಳಿದ್ದ. ಇಬ್ಬರಿಗೂ ಅಂತ ಸೀಟು ಹಿಡಿದದ್ದು ಮಾತ್ರ ಹೇಳಿರಲಿಲ್ಲ. ಅವನಿಗೆ ಯಾರನ್ನಾದರೂ ಚಕಿತಗೊಳಿಸುವುದೆಂದರೆ ಮಕ್ಕಳಷ್ಟು ಖುಷಿ.

ಮಾವನಿಗೆ ಹೇಳಿದೆ. ಅವರು ಹುಲ್ಲಿನಿಂದ ಕಣ್ಣು ತೆಗೆಯದೆ, "ಅವ್ನು ಬುಕ್ ಮಾಡಿದ್ದಾ?" ಅಂದರು. ಆಮೇಲೆ, "ಹೋಗಣಮ್ಮ." ಎರಡನೆಯ ಸೀಟಿನಲ್ಲಿ ನಾನೇ ಕೂರುವುದು ಅಂತಾಯಿತು. ಮಗಳನ್ನು ಕರೆದಾಗ ಭುಜ ಕುಣಿಸಿದಳು, ಆದರೂ ಹೊರಟಳು.

ಅಕ್ಟೋಬರಿನಲ್ಲಿ, ಹಾರುವ ದಿನ ಬೆಳಗ್ಗೆ, ನಾನು ಕಾರು ಓಡಿಸುತ್ತಿದ್ದೆ. ಮಾವ ನನ್ನ ಪಕ್ಕದಲ್ಲಿ, ಮಗಳು ಹಿಂದೆ ಹೆಡ್‌ಫೋನ್ ಹಾಕಿಕೊಂಡು. ಏಪೆಕ್ಸ್ ದಾಟಿ, ಎಲೆ ಕೆಂಪಾಗುತ್ತಿದ್ದ ಮರಗಳ ನಡುವೆ ಹೋಗುವಾಗ ಮಾವ ತಾವಾಗಿ ಮಾತು ತೆಗೆದರು.

"ಬ್ರಿಟಿಷ್ರು ಕಾನ್ಪುರದಲ್ಲಿ ಬಿಟ್ಟೋಗಿದ್ರು ಕಣಮ್ಮ ಈ ಲಿಬರೇಟರ್‌ಗಳನ್ನ. ಯುದ್ಧ ಮುಗೀತು, ವಾಪಸ್ ತಗೊಂಡೋಗಕ್ಕೆ ಅವ್ರಿಗೆ ಬೇಡ. ಇನ್ಯಾರಿಗೂ ಉಪಯೋಗಕ್ಕೆ ಬರಬಾರ್ದು ಅಂತ ಗುದ್ದಿ, ಕಡ್ದು, ಇಂಜಿನ್ನಿಗೆ ಮರಳು ಸುರ್ದು ಹೋಗಿದ್ರು. ನಮ್ ಫ್ಯಾಕ್ಟರಿಯೋರು ಹೋಗಿ ಒಂದರದ್ದು ತೆಗ್ದು ಇನ್ನೊಂದಕ್ಕೆ ಹಾಕಿ, ಹಾರೋ ಅಷ್ಟು ಮಾಡ್ಕೊಂಡು ಬೆಂಗಳೂರಿಗೆ ತಂದ್ರು. ನಾನಿನ್ನೂ ಸ್ಕೂಲಲ್ಲಿದ್ದೆ. ಆಮೇಲೆ ನಂಗೆ ಕೆಲಸ ಕಲಿಸಿದೋರು ಹೇಳ್ತಿದ್ರು."

ಅವರೇ ಮುಂದುವರಿಸಿದರು. "ಚಕ್ರ ಮಡಚ್ದೇ ತಂದ್ರಂತೆ. ಅಷ್ಟು ದೂರಾನೂ. ಮೇಲೆ ಹೋದ್ಮೇಲೆ ಮಡಚಿದ್ರೆ ಮತ್ತೆ ಬಿಚ್ಕೊಳತ್ತೋ ಇಲ್ವೋ, ಯಾರಿಗ್ ಗೊತ್ತು? ಬಿಚ್ಕೊಳ್ದಿದ್ರೆ ಇಳಿಯೋದು ಹೇಗೆ? ನಿಧಾನ ಆಗತ್ತೆ, ಪೆಟ್ರೋಲ್ ಜಾಸ್ತಿ ಕುಡಿಯತ್ತೆ. ಆಗ್ಲಿ. ತಲುಪ್ಬೇಕಲ್ಲ."

ನಾನು ಹ್ಞೂಂ ಅಂದೆ.

"ನಾನೂ ಹಂಗೇ ಇದೀನಿ ಕಣಮ್ಮ," ಅಂದರು ಮಾವ, ಕಿಟಕಿಯ ಕಡೆ ತಿರುಗಿ. "ಶುರು ಮಾಡಿದ್ರೆ ನಿಲ್ಸಕ್ಕಾಗತ್ತೋ ಇಲ್ವೋ. ನಿಲ್ದೇ ಹೋದ್ರೆ ನಿಮ್ಮಿಬ್ರನ್ನ ಯಾರು ನೋಡ್ಕೋತಾರೆ?"

ನಾನೂ ಅಷ್ಟೇ ಮಾವ ಅನ್ನಬೇಕಿತ್ತು. ಕನ್ನಡಿಯಲ್ಲಿ ನೋಡಿದರೆ ಮಗಳು ಕಣ್ಣು ಮುಚ್ಚಿದ್ದಳು, ಹೆಡ್‌ಫೋನ್ ಮಾತ್ರ ಕುತ್ತಿಗೆಗೆ ಇಳಿದಿತ್ತು. ಎಕ್ಸಿಟ್ ಬಂತು, ತಿರುಗಿಸಿದೆ.

ಲಿಬರೇಟರ್ ರನ್‌ವೇಯ ಅಂಚಿನಲ್ಲಿ ನಿಂತಿತ್ತು. ಸುಂದರವಾದ ವಿಮಾನವೇನಲ್ಲ. ಹೊಟ್ಟೆ ನೆಲಕ್ಕೆ ಹತ್ತಿರ, ಬಾಂಬ್ ಬೀಳಿಸುವ ಬಾಗಿಲು ಅಂಗಡಿಯ ಶಟರಿನ ಹಾಗೆ ಮೇಲಕ್ಕೆ ಸುತ್ತಿಕೊಳ್ಳುತ್ತದೆ. ಹಾರುವ ಮೊದಲು ಸುತ್ತಲೂ ಓಡಾಡಿ ನೋಡಬಹುದು ಅಂದರು. ಮಾವ ಮೂಗಿನ ಗೂಡನ್ನು ನೋಡಿ "ಜೆ" ಅಂದು, ಮುಂದಿನ ಚಕ್ರದ ಹತ್ತಿರ ಬಗ್ಗಿದರು. ನಮಸ್ಕಾರ ಮಾಡುತ್ತಿದ್ದಾರೆ ಅಂದುಕೊಂಡು ನಾನು ಬೇರೆ ಕಡೆ ನೋಡಿದೆ.

ಆಮೇಲೆ ಹಾರುವವರನ್ನೆಲ್ಲ ಒಂದು ಕಡೆ ನಿಲ್ಲಿಸಿದರು. ಟೋಪಿ ಹಾಕಿಕೊಂಡ ಒಬ್ಬ ವಯಸ್ಸಾದ ಮೆಕ್ಯಾನಿಕ್ ಟಾರ್ಚ್ ಹಿಡಿದು ಕೊನೆಯ ಸಲ ತಪಾಸಣೆ ಮಾಡುತ್ತಾ ಮುಂದಿನ ಚಕ್ರದ ಬಳಿ ಥಟ್ಟನೆ ನಿಂತ. ಮಂಡಿಯೂರಿ, ಚಕ್ರದ ಕಂಬವನ್ನು ಬೆರಳಿನಿಂದ ಒರೆಸಿ, ಬೆರಳನ್ನು ಮೂಸಿ ನೋಡಿದ. ಇನ್ನೊಬ್ಬನನ್ನು ಕರೆದ. ಇಬ್ಬರೂ ಅಂಗಾತ ಮಲಗಿ ಒಳಗೆ ಬೆಳಕು ಬಿಟ್ಟು ಹುಡುಕತೊಡಗಿದರು. ಕೆಂಪು ಎಣ್ಣೆ ಸೋರುತ್ತಿರಬೇಕು, ಚಕ್ರ ಮಡಚುವುದು ಆ ಎಣ್ಣೆಯ ಒತ್ತಡದಿಂದಲೇ, ಸೋರಿದರೆ ಹಾರುವ ಹಾಗಿಲ್ಲ ಅಂತ ಪಕ್ಕದಲ್ಲಿದ್ದವರು ಮಾತಾಡಿಕೊಂಡರು.

ನಾನು ಮಾವನ ಕಡೆ ತಿರುಗಿದೆ. ಅವರ ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು.

"ಮಾವ, ಕೈ ತೋರ್ಸಿ."

ಉಂಗುರದ ಬೆರಳು ಕೆಂಪಗಿತ್ತು. ಜೇಬಿನಲ್ಲಿ ಪೊಟ್ಟಣ ಕಟ್ಟಿದ ಕುಂಕುಮ. ಕುಡಿಯುವ ನೀರಿನಲ್ಲಿ ಕಲಸಿ ಹಚ್ಚಿದ್ದರು.

"ಟೆಸ್ಟ್ ಫ್ಲೈಟಿಗೆ ಮುಂಚೆ ಹಚ್ತಿದ್ವಮ್ಮ," ಅಂದರು. "ಹಚ್ದೇ ಯಾವ್ದನ್ನೂ ಬಿಟ್ಟಿಲ್ಲ ನಾನು. ಕೈ ತಾನಾಗೇ ಹೋಯ್ತು."

ನಾನು ಹೋಗಿ ಆ ಮೆಕ್ಯಾನಿಕ್‌ಗೆ ಹೇಳಿದೆ. ಅರಿಶಿನದಿಂದ ಮಾಡಿದ ಪುಡಿ, ಪೂಜೆ, ಈ ವಿಮಾನಗಳನ್ನು ಇವರು ಬೆಂಗಳೂರಿನಲ್ಲಿ ರಿಪೇರಿ ಮಾಡುತ್ತಿದ್ದರು, ಇತ್ಯಾದಿ. ಆಫೀಸಿನಲ್ಲಿ ವರದಿ ಓದುವ ದನಿಯಲ್ಲೇ ಹೇಳಿದೆ. ಅವನು ಒಮ್ಮೆ ಮಾವನನ್ನು, ಒಮ್ಮೆ ಬೆರಳನ್ನು ನೋಡಿದ. ಆದರೂ ಸುಮ್ಮನೆ ನಂಬಲಿಲ್ಲ. ಕಂಬವನ್ನು ಪೂರ್ತಿ ಒರೆಸಿ, ಮತ್ತೆ ಸೋರುತ್ತದೆಯೇ ಅಂತ ಕಾದು ನೋಡಿದ. ಸೋರಲಿಲ್ಲ. ಆಗ ಎದ್ದು ಬಂದು, ಬೇಕಾದರೆ ಇನ್ನೊಂದು ಸಲ ಹಚ್ಚಿ, ಈ ಸಲ ಟೈರಿನ ಮೇಲೆ, ಅಂತ ಮಾವನಿಗೆ ಹೇಳಿದ. ಮಾವ ಹಚ್ಚಿದರು. ಇದನ್ನು ಮನೆಗೆ ಹೋಗಿ ಗಂಡನಿಗೆ ಹೇಳಿದರೆ ಎಷ್ಟು ನಗುತ್ತಾನೆ ಅಂದುಕೊಂಡೆ. ಆಮೇಲೆ ನೆನಪಾಯಿತು.

ಹಾರುವವರ ಹೆಸರು ಕೂಗಲು ಶುರು ಮಾಡಿದರು. ಒಬ್ಬ ಹುಡುಗಿ ಮೊದಲು ಮಾವನ ಹೆಸರನ್ನು ತಡವರಿಸಿಕೊಂಡು ಕೂಗಿದಳು. ಆಮೇಲೆ ನನ್ನ ಗಂಡನ ಹೆಸರು. ಬದಲಾಯಿಸಲು ಹೇಳುವುದು ನನಗೆ ಹೊಳೆದೇ ಇರಲಿಲ್ಲ. ನಾವು ಯಾರೂ ತಿಂಗಳುಗಟ್ಟಲೆ ಆಡದಿದ್ದ ಆ ಹೆಸರನ್ನು ಅವಳು ಬಯಲಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಎರಡು ಸಲ ಕೂಗಿದಳು. ಮಾವ ನೆಲ ನೋಡುತ್ತಿದ್ದರು.

ನಮ್ಮ ಹಿಂದಿನಿಂದ ಮಗಳ ಕೈ ಮೇಲೆ ಹೋಯಿತು.

"ದಟ್ಸ್ ಮೈ ಡ್ಯಾಡ್," ಅಂದಳು. "ನಾನು ಹೋಗ್ತೀನಿ."

ತಾತನ ಕೈ ಹಿಡಿದುಕೊಂಡು, ತಲೆ ಬಗ್ಗಿಸಿ, ಆ ಶಟರಿನ ಬಾಗಿಲಿನಿಂದ ಒಳಗೆ ಹೋದಳು. ನಾನು ಬೇಲಿಯ ಹತ್ತಿರ ಬಂದು ನಿಂತೆ. ನಾಲ್ಕು ಇಂಜಿನ್ನುಗಳೂ ಒಂದೊಂದಾಗಿ ಕೆಮ್ಮಿ, ಹೊಗೆ ಬಿಟ್ಟು, ತಿರುಗತೊಡಗಿದವು. ವಿಮಾನ ಓಡಿತು, ಎದ್ದಿತು. ಚಕ್ರಗಳು ಸ್ವಲ್ಪ ಹೊತ್ತು ಹಾಗೇ ನೇತಾಡುತ್ತಿದ್ದವು. ನಾನು ಬೇಲಿಯ ತಂತಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಆಮೇಲೆ ಅವು ನಿಧಾನವಾಗಿ ರೆಕ್ಕೆಯೊಳಗೆ ಮಡಚಿಕೊಂಡವು, ವಿಮಾನ ಮರಗಳ ಆಚೆ ಮರೆಯಾಯಿತು. ನನ್ನ ಮನೆಯಲ್ಲಿ ಉಳಿದವರಿಬ್ಬರೂ ಅದರೊಳಗಿದ್ದರು. ಭಯವಾಯಿತು. ಆ ಬೇಸಿಗೆಯ ನಂತರ ನನಗೆ ಅನ್ನಿಸಿದ ಮೊದಲನೆಯದು ಅದು.

ಚಕ್ರ ಬಿಚ್ಚಿಕೊಂಡೇ ವಾಪಸ್ ಬಂತು, ಇಳಿಯಿತು. ಮಾವ ಕೆಳಗಿಳಿದು ಬಂದಾಗ ಅವರ ಕಣ್ಣು ಊದಿಕೊಂಡಿದ್ದವು, ಇಸ್ತ್ರಿ ಶರ್ಟಿನ ಎದೆ ಒದ್ದೆಯಾಗಿತ್ತು. ಮಗಳ ತೋಳು ಅವರ ಸೊಂಟದ ಸುತ್ತ ಇತ್ತು.

"ಮಡಚ್ತಮ್ಮ," ಅಂದರು. ಮೂಗು ಒರೆಸಿಕೊಂಡರು. "ಬಿಚ್ಕೊಳ್ತು ಕೂಡ."

ಪಾರ್ಕಿಂಗ್‌ನಲ್ಲಿ ಮಗಳು ನನ್ನ ಮುಂದೆ ಕೈ ಚಾಚಿದಳು. "ಅಮ್ಮ, ಕೀ ಕೊಡು. ನಾನು ಡ್ರೈವ್ ಮಾಡ್ತೀನಿ."

ಕೊಟ್ಟೆ. ಮಾವ ಹಿಂದೆ ಕೂತು ಸ್ವಲ್ಪ ಹೊತ್ತಿಗೇ ನಿದ್ದೆ ಹೋದರು. ನಾನು ಅವಳ ಪಕ್ಕದಲ್ಲಿ, ಅವನು ಕೂತು ಕಲಿಸುತ್ತಿದ್ದ ಸೀಟಿನಲ್ಲಿ ಕೂತೆ. ಹೈವೇಗೆ ಸೇರುವಾಗ ಅವಳು ಇಂಡಿಕೇಟರ್ ಹಾಕಿ, ತುಟಿಯಲ್ಲೇ, "ಕನ್ನಡಿ ನೋಡು, ಭುಜದ ಹಿಂದೆ ನೋಡು, ಈಗ ಹೋಗು ರಾಜ" ಅಂದುಕೊಂಡಳು. ಅವನು ಹೇಳಿಕೊಟ್ಟದ್ದು, ಅವನ ಎಳೆತದಲ್ಲೇ. ರಾಜ ಅಂತ ಅವಳನ್ನು ಕರೆಯುತ್ತಿದ್ದವನು ಅವನೊಬ್ಬನೇ.

ಆಗ ಬಂತು. ಮೊದಲು ಉಸಿರು ಸಿಕ್ಕಿಹಾಕಿಕೊಂಡಿತು, ಆಮೇಲೆ ನಾನು ಹಿಂದೆಂದೂ ಕೇಳದ ಒಂದು ದನಿ ನನ್ನ ಬಾಯಿಂದ ಹೊರಬಿತ್ತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ. ಮಗಳು ನನ್ನ ಕಡೆ ತಿರುಗಲಿಲ್ಲ. ಅವಳ ಎರಡೂ ಕೈ ಸ್ಟೀರಿಂಗ್ ಮೇಲಿದ್ದವು, ಕಣ್ಣು ರಸ್ತೆಯ ಮೇಲೆ.

"ಇಟ್ಸ್ ಓಕೆ ಅಮ್ಮ, ಅಳು," ಅಂದಳು. "ನಾನು ಇಳಿಸ್ತೀನಿ."