ಕೆಂಪು ಬಟ್ಟೆಯ ಕೋಲು

ಮೊನ್ನೆ ಬಾಗಿಲಿನ ಕೀಲು ಕಿರುಗುಟ್ಟುತ್ತದೆಂದು ಹೊಂಗೆ ಎಣ್ಣೆಯ ಶೀಷೆ ತೆರೆದೆ. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಮೇಷ್ಟ್ರು ಜಗುಲಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದುದು ಕಣ್ಣಿಗೆ ಕಟ್ಟಿತು. ಬಿರಡೆ ಮುಚ್ಚಿಬಿಟ್ಟೆ. ಕೀಲು ಇನ್ನೂ ಕಿರುಗುಟ್ಟುತ್ತಲೇ ಇದೆ.

ಐವತ್ತರ ದಶಕದ ಕೊನೆ. ನಾನು ಮದುವೆಯಾಗಿ ಆ ಊರಿಗೆ ಹೋದ ಮೊದಲ ಮಳೆಗಾಲ. ಶಿಕಾರಿಪುರದಿಂದ ಆನವಟ್ಟಿಗೆ ಹೋಗುವ ಬಸ್ಸೇ ಊರಿಗೆ ಗಡಿಯಾರ, ಅದೇ ಕಾಲು. ಅದು ಬಾರದ ದಿನ ಕಚೇರಿಗೆ ಹೋಗುವವರೂ ಸಂತೆಗೆ ಹೋಗುವವರೂ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಜಗಿಯುತ್ತಿದ್ದರು. ಮೇಷ್ಟ್ರೊಬ್ಬರೇ ಬಸ್ಸಿನ ಹಂಗಿಲ್ಲದವರು. ಪಂಚೆ ಎತ್ತಿ ಕಟ್ಟಿ, ಐದು ಮೈಲಿ ಆಚೆಯ ಶಾಲೆಗೆ ದಿನವೂ ಸೈಕಲ್ ತುಳಿಯುತ್ತಿದ್ದರು. ಮೇಷ್ಟ್ರಿಗೆ ಹುಚ್ಚು ಎಂದು ಊರು ನಗುತ್ತಿತ್ತು. ನಾನೂ ಸೆರಗಿನ ಮರೆಯಲ್ಲಿ ನಕ್ಕವಳೇ.

ಊರಾಚೆ ರಸ್ತೆ ಒಂದು ತಗ್ಗಿಗಿಳಿದು ಏರುತ್ತಿತ್ತು. ಕೆರೆ ತುಂಬಿದರೆ ಕೋಡಿಯ ನೀರು ಅಲ್ಲೇ ರಸ್ತೆ ದಾಟಿ ಹರಿಯುತ್ತಿತ್ತು. ಕೆಂಪು ನೀರಿನ ಆಳ ಕಣ್ಣಿಗೆ ತಿಳಿಯುವಂಥದ್ದಲ್ಲ. ಅದಕ್ಕೇ ಕೆರೆ ನೋಡಿಕೊಳ್ಳುವ ನೀರುಗಂಟಿ ತಗ್ಗಿನ ನಟ್ಟನಡುವೆ, ರಸ್ತೆಯ ಅಂಚಿಗೆ, ಕೋಲು ನೆಟ್ಟು ಮೊಣಕಾಲೆತ್ತರಕ್ಕೆ ಕೆಂಪು ಬಟ್ಟೆ ಕಟ್ಟುತ್ತಿದ್ದ. ಬಟ್ಟೆ ಕಂಡರೆ ದಾಟಬಹುದು, ಮುಳುಗಿದರೆ ಹಿಂದಿರುಗಬೇಕು.

ಆ ವರ್ಷ ಕೋಡಿ ಬಿದ್ದ ಸಂಜೆ ನಾವು ಹೆಂಗಸರು ಬಾಗಿನ ಬಿಡಲು ಅಲ್ಲಿಗೆ ಹೋದೆವು. ನೀರು ಇನ್ನೂ ಪಾದ ಮುಚ್ಚುವಷ್ಟಿತ್ತು.

"ಗಂಗಮ್ಮನ ಮುಂದೆ ಈ ಹರಕು ಬಟ್ಟೆ ಯಾಕೆ? ಕಿತ್ತು ಆಚೆ ಇಡು" ಎಂದರು ಅತ್ತೆ.

ಕಿತ್ತೆ. ಪೂಜೆ ಮುಗಿದ ಮೇಲೆ ಮತ್ತೆ ನೆಡಲು ಹೋದರೆ ತಗ್ಗಿನ ಕೆಸರಲ್ಲಿ ಕೋಲು ವಾಲಿತು. ಹೊಸ ಸೀರೆ ಬೇರೆ. ಹತ್ತು ಹೆಜ್ಜೆ ಮೇಲೆ, ಏರಿನ ಗಟ್ಟಿ ಗರಸಿನಲ್ಲಿ ನೆಟ್ಟೆ. ನೆಟ್ಟಗೆ ನಿಂತಿತು. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ರಾತ್ರಿಯಿಡೀ ಮಳೆ ಹೊಡೆಯಿತು. ಕೆರೆಯ ಏರಿ ಒಡೆದೀತೆಂದು ನೀರುಗಂಟಿ ತೂಬಿನ ಬಳಿಯೇ ಕಾದಿದ್ದನಂತೆ. ಬೆಳಿಗ್ಗೆ ಬಸ್ಸು ಬರಲಿಲ್ಲ. ಮೇಷ್ಟ್ರು ಸೈಕಲ್ ಹೊರಗೆ ತಂದಾಗ ನಾನು ಹೊಸ್ತಿಲು ತೊಳೆಯುತ್ತಿದ್ದೆ.

"ಬಸ್ಸೇ ಬಂದಿಲ್ಲ, ನೀವೆಲ್ಲಿಗ್ರೀ ಹೊಂಟ್ರಿ?" ಅತ್ತೆ ಕೇಳಿದರು.

"ಹುಡುಗ್ರು ಮಳೇಲಿ ಬಾಗ್ಲಲ್ಲಿ ನಿಂತಿರ್ತಾವೆ ಅವ್ವಾರೆ, ಶಾಲೆ ಬೀಗದ ಕೈ ನನ್ನ ಹತ್ರ ಐತಿ. ನೀರುಗಂಟಿ ಬಟ್ಟೆ ನೋಡ್ಕೊಂಡೇ ಇಳೀತೀನಿ."

ಕೋಲು ಏರಿನ ಮೇಲಿದೆ, ತಗ್ಗು ಮುಳುಗಿದರೂ ಬಟ್ಟೆ ಕಾಣುತ್ತದೆಂದು ಆಗ ಹೊಳೆಯಿತು. ಹೇಳಬೇಕೆಂದು ಬಾಯಿ ತೆರೆದೆ. ಹೊಸ ಸೊಸೆ ಪರಗಂಡಸರೊಡನೆ ಬೀದಿಯಲ್ಲಿ ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಅತ್ತೆ ನನ್ನತ್ತ ತಿರುಗಿ ನೋಡಿದರು. ಮುಚ್ಚಿಕೊಂಡೆ. ಅತ್ತೆಯ ಕಿವಿಯಲ್ಲಾದರೂ ಉಸುರಬಹುದಿತ್ತು, ಬೈಸಿಕೊಳ್ಳುವ ಭಯ. ಸೈಕಲ್ಲಿನ ಗಂಟೆ ಬೀದಿಯ ತಿರುವಿನವರೆಗೆ ಕೇಳಿಸಿತು...

ಮಧ್ಯಾಹ್ನ ಗದ್ದೆಯ ಬದುವಿನಲ್ಲಿ ಸೈಕಲ್ ಸಿಕ್ಕಿತು. ಮೇಷ್ಟ್ರು ಸಿಕ್ಕಿದ್ದು ಮರುದಿನ. ಬೀಗದ ಕೈ ಸೊಂಟದಲ್ಲೇ ಇತ್ತಂತೆ.

ಊರೆಲ್ಲ ನೀರುಗಂಟಿಯ ಮೇಲೆ ಬಿತ್ತು. "ನಾ ಅಲ್ಲಿ ನೆಟ್ಟಿಲ್ರೀ, ಗಂಗಮ್ಮನಾಣೆ" ಎಂದು ಅವನು ನಮ್ಮ ಜಗುಲಿಯ ಕೆಳಗೆ ನಿಂತು ಅತ್ತ. ಕೀಳಲು ಹೇಳಿದವರು ಅತ್ತೆ, ನೆಟ್ಟವಳು ನಾನು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಾಗಿನಕ್ಕೆ ಬಂದಿದ್ದ ಹೆಂಗಸರೂ ತುಟಿ ಬಿಚ್ಚಲಿಲ್ಲ. ಅವನ ಕೆಲಸ ಹೋಯಿತು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟ. ಎಲ್ಲಿಗೆ ಹೋದನೋ... ನಾನು ವಿಚಾರಿಸಲಿಲ್ಲ.

ಈಗ ಅಲ್ಲಿ ಸೇತುವೆಯಿದೆ, ಬಸ್ಸು ನಿಧಾನಿಸುವುದೂ ಇಲ್ಲ. ಬಾಗಿನಕ್ಕೆ ಹೋದವರಲ್ಲಿ ಉಳಿದವಳು ನಾನೊಬ್ಬಳೇ. ಮೇಷ್ಟ್ರೊಡನೆ ನಾನು ಯಾವತ್ತೂ ಒಂದು ಮಾತು ಆಡಿದವಳಲ್ಲ. ಆಡಬೇಕಾಗಿದ್ದುದೂ ಒಂದೇ ಮಾತು. ಕೋಲು ತಗ್ಗಿನಲ್ಲಿಲ್ಲ, ಮೇಷ್ಟ್ರೇ.